ಎಪಿಡೆಮಿಯಾಲಜಿಗೊಂದು ನಡುವಿನ ಪುಸ್ತಕ

ಪುಸ್ತಕವನ್ನು ತೂಕ ನೋಡಿ ಆರಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಾಗಲಕೋಟೆಯಲ್ಲಿದ್ದ ನನ್ನ ಜೊತೆಯ ಸರ್ಕಾರಿ ಡಾಕ್ಟರೊಬ್ಬ ಎರಡು ಪುಸ್ತಕಗಳನ್ನು ಎರಡು ಕೈಯಲ್ಲಿ ಹಿಡಿದು, ಸಂತೆಯಲ್ಲಿ ಕುಂಬಳಕಾಯಿ ಕೊಳ್ಳುವವನ ಹಾಗೆ ಮೇಲೆ ಕೆಳಗೆ ಮಾಡಿ, ಭಾರವಾದದ್ದನ್ನು ಚೀಲಕ್ಕೆ ಇಳಿಸಿದ. ಬದಾಮಿಯ ಇನ್ನೊಬ್ಬ ಇವನಿಗಿಂತ ಬುದ್ಧಿವಂತ. ಅವನು ಪುಸ್ತಕದ ಒಳಗಿನ ಚಿತ್ರಗಳನ್ನು ಎಣಿಸಿದ. ಇಬ್ಬರೂ ಮುಂದೆ ದೊಡ್ಡ ಖುರ್ಚಿಗಳಲ್ಲಿ ಕೂತರು ಎಂದು ಬೇರೆ ಹೇಳಬೇಕಾಗಿಲ್ಲ.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನಾಗ ಹುನಗುಂದದ ಕಡೆಯ ಒಂದು ಸರ್ಕಾರಿ ದವಾಖಾನೆಯಲ್ಲಿ ಡಾಕ್ಟರಾಗಿದ್ದೆ. ನೌಕರಿಯಲ್ಲಿದ್ದುಕೊಂಡೇ ಎಂ.ಡಿ. ಓದಲು ನಮ್ಮ ಮೂವರ ಹೆಸರು ಜಿಲ್ಲೆಯ ಪಟ್ಟಿಯಲ್ಲಿತ್ತು. ವಿಷಯ ಸಮುದಾಯ ವೈದ್ಯಶಾಸ್ತ್ರ. ಸರ್ಜರಿ ಸಿಗದವರು, ಮೆಡಿಸಿನ್ ಸಿಗದವರು, ಹೆಂಡತಿಯ ಮನೆಯವರ ಕಾಟಕ್ಕೆ ಹೆಸರಿನ ಮುಂದೆ ಎರಡು ಅಕ್ಷರ ಬೇಕಾದವರು ಹೋಗುವ ವಿಷಯ ಅದು. ನಾನು ಮಾತ್ರ ಆಸಕ್ತಿಯಿಂದ ಹೋಗುತ್ತಿದ್ದೇನೆ ಎಂದು ನಂಬಿದ್ದೆ, ಸಿಕ್ಕಸಿಕ್ಕವರಿಗೆಲ್ಲ ಹಾಗೆಂದು ಹೇಳಿಯೂ ಇದ್ದೆ.

ಕೋರ್ಸು ಹೊಸದು. ಅದರ ಮುಖ್ಯಸ್ಥರು ಮೂವರಿಗೂ ಒಂದೇ ಕಾಗದ ಬರೆದಿದ್ದರು. ಎಪಿಡೆಮಿಯಾಲಜಿಗೆ, ಅಂದರೆ ರೋಗ ಯಾರಿಗೆ ಎಲ್ಲಿ ಏಕೆ ಬರುತ್ತದೆ ಎಂದು ಲೆಕ್ಕ ಹಾಕುವ ಶಾಸ್ತ್ರಕ್ಕೆ, ಒಂದು ಪಠ್ಯಪುಸ್ತಕ ಬೇಕಾಗಿದೆ. ಎಂ.ಬಿ.ಬಿ.ಎಸ್. ಹುಡುಗರ ಬಾಲಬೋಧೆ ಬೇಡ, ಗಣಿತ ಪಂಡಿತರ ಗ್ರಂಥವೂ ಬೇಡ, ನಡುವಿನದು ಬೇಕು. ಮೂವರೂ ಒಂದೊಂದು ಆರಿಸಿ, ಅದರ ಪ್ರಕಾರ ನಿಮ್ಮ ತಾಲೂಕಿನದೇ ಒಂದು ಲೆಕ್ಕ ಬಿಡಿಸಿ ತನ್ನಿ. ಒಪ್ಪಿಗೆಯಾದ ಪುಸ್ತಕ ಕ್ಲಾಸಿಗೆ, ಆರಿಸಿದವನು ಓದು ಮುಗಿದ ಮೇಲೆ ನನ್ನ ಜೊತೆ ಪಾಠ ಹೇಳಲು, ಎಂದು ಬರೆದಿದ್ದರು. ಈ ಕೊನೆಯ ಮಾತನ್ನು ನಾನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ದವಾಖಾನೆಯ ಕೆಮ್ಮು, ಹುಣ್ಣು, ಬಯಲಲ್ಲಿ ಮಾಡುವ ಹೆಣದ ಪರೀಕ್ಷೆ ಎಲ್ಲದರಿಂದ ಪಾರಾಗುವ ದಾರಿ ಅದೊಂದೇ ಇತ್ತು.

ನನ್ನ ಮಂಚದ ಮೇಲೆ ಮೂರು ಪುಸ್ತಕಗಳು ಬಂದು ಬಿದ್ದವು. ಮೊದಲನೆಯದು ಪರದೇಶದ್ದು, ಬಂಗಾರದ ಅಕ್ಷರದ್ದು. ಅದರ ಉದಾಹರಣೆಗಳೆಲ್ಲ ಹಡಗಿನ ಪ್ರಯಾಣಿಕರು, ಬ್ಯಾಂಕಿನ ಗುಮಾಸ್ತರು. ಅಲ್ಲಿಯ ಜನ ಬಹಳ ಶಿಸ್ತಿನವರು. ಎಲ್ಲಿ ಹೆಸರು ಬರೆಸಿದರೋ ಅಲ್ಲೇ ಕಾಯಿಲೆ ಬೀಳುತ್ತಾರೆ, ಅಲ್ಲೇ ಸಾಯುತ್ತಾರೆ. ಎರಡನೆಯದು ಗೈಡು. ಹತ್ತು ಅಂಕದ ಪ್ರಶ್ನೆಗೆ ಎಷ್ಟು ಪುಟ ತುಂಬಿಸಬೇಕು ಎಂಬುದು ಬಿಟ್ಟರೆ ಅದರ ಕರ್ತೃವಿಗೆ ಬೇರೆ ಯಾವ ಸಂದೇಹವೂ ಬಂದಂತಿರಲಿಲ್ಲ. ಮೂರನೆಯದು ಕೆಂಪು ರಟ್ಟಿನದು, ಪೋಸ್ಟಿನಲ್ಲಿ ಮೂಲೆ ಮುದುಡಿಕೊಂಡು ಬಂದದ್ದು. ಚಿತ್ರವಿಲ್ಲ, ಬಂಗಾರವಿಲ್ಲ. ಅರ್ಧಕ್ಕರ್ಧ ಬರೀ ಪ್ರಶ್ನೆಗಳು, ಹಿಂದೆ ಉತ್ತರಗಳೂ ಇಲ್ಲ. ಉತ್ತರ ಗೊತ್ತಿಲ್ಲದವನು ಪುಸ್ತಕ ಯಾಕೆ ಬರೆಯಬೇಕು ಎಂದು ಅದನ್ನು ಮಂಚದ ಕೆಳಗೆ ತಳ್ಳಿದೆ.

ಲೆಕ್ಕಕ್ಕೆ ನಾನು ಹಸುಗೂಸುಗಳ ಸಾವನ್ನು ಆರಿಸಿಕೊಂಡೆ. ನನ್ನ ಕೈಕೆಳಗೆ ಕೆಲವು ಉಪಕೇಂದ್ರಗಳಿದ್ದವು. ಒಂದೊಂದಕ್ಕೂ ಒಬ್ಬ ನರ್ಸಬಾಯಿ. ಊರಿನ ಬಸುರಿಯರ ಪಟ್ಟಿ ಅವಳದೇ, ಸತ್ತ ಕೂಸುಗಳ ರಿಜಿಸ್ಟರೂ ಅವಳದೇ. ಬಂಗಾರದಕ್ಷರದ ಪುಸ್ತಕ ಹೇಳಿದಂತೆ ಸತ್ತವರನ್ನು ಮೇಲೆ ಬರೆದೆ, ಬಸುರಿಯರ ಪಟ್ಟಿಯ ಪ್ರಕಾರ ಹುಟ್ಟಿದವರನ್ನು ಕೆಳಗೆ ಬರೆದೆ, ಭಾಗಿಸಿದೆ. ಗುಡೂರು ದಾಟಿ ಒಳಗೆ ಹೋದರೆ ಒಂದು ಹಳ್ಳಿ. ಆ ಹಳ್ಳಿಯ ಅಂಕಿ ಮಾತ್ರ ಸುತ್ತಲಿನ ಎಲ್ಲಕ್ಕಿಂತ ಬಹಳ ಮೇಲೆ ಹೋಗಿ ನಿಂತಿತು. ನನಗಾದ ಖುಷಿಯನ್ನು ಈಗ ನೆನೆದರೆ ಹೇಸಿಕೆ ಬರುತ್ತದೆ. ಕೂಸುಗಳು ಸತ್ತ ಲೆಕ್ಕ ನೋಡಿ ನಾನು ಚಹಾ ತರಿಸಿ ಕುಡಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಬರೀ ಮಂಚದ ಮೇಲಿನ ಮೂರ್ಖತನವಾಗುತ್ತಿತ್ತು. ನನ್ನ ಜಾಣತನ ಇನ್ನೊಬ್ಬರಿಗೂ ತಿಳಿಯಲಿ ಎಂದು ಒಂದು ಪ್ರತಿಯನ್ನು ಜಿಲ್ಲೆಯ ಆರೋಗ್ಯಾಧಿಕಾರಿ ಸಾಹೇಬರಿಗೆ ಕಳಿಸಿದೆ. ನನ್ನ ಹೆಸರನ್ನು ಎಂ.ಡಿ.ಗೆ ಬೆಂಗಳೂರಿಗೆ ಕಳಿಸಬೇಕಾದವರು ಅವರೇ. ಅವರು ಲೆಕ್ಕ ಓದುವ ಜಾತಿಯಲ್ಲ. ಕೊನೆಯ ಸಾಲು ಓದಿ, ಆ ನರ್ಸಬಾಯಿಗೆ ನೋಟೀಸು ಹೊಡೆದರು.

ಅವಳು ಮೂರನೆಯ ದಿನ ಮಧ್ಯಾಹ್ನ ಬಸ್ಸಿಳಿದು ನೇರ ನನ್ನಲ್ಲಿಗೆ ಬಂದಳು. ನಲವತ್ತು ದಾಟಿದ ಹೆಂಗಸು. ಗಂಡನಿಲ್ಲ, ಮಗಳು ಗುಡೂರಿನ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ. ಆ ಹಳ್ಳಿಯಲ್ಲಿ ಎಷ್ಟೋ ವರ್ಷಗಳಿಂದ ಹೆರಿಗೆ ಮಾಡಿಸುತ್ತಿದ್ದವಳು. ನೋಟೀಸನ್ನು ಟೇಬಲ್ಲಿನ ಮೇಲಿಟ್ಟಳು, ಕೂರಲಿಲ್ಲ. ಕೂತುಕೊಳ್ಳಿ ಎಂದು ನಾನೂ ಹೇಳಲಿಲ್ಲ. ನರ್ಸಬಾಯಿಯರಿಗೆ ಶಾಸ್ತ್ರ ತಿಳಿಸುವುದು ಕಷ್ಟ ಎಂಬ ಮುಖ ಮಾಡಿಕೊಂಡು, ಇದು ವೈಯಕ್ತಿಕವಲ್ಲ, ಅಂಕಿ ಹೇಳಿದ್ದು ಎಂದು ವಿವರಿಸತೊಡಗಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಕೇಳಿದ್ದು ಒಂದೇ.

"ಸತ್ತ ಕೂಸುಗಳನ್ನ ನನ್ನ ಊರಿಗೆ ಹಚ್ಚೀರಿ ಸಾಹೇಬ್ರ. ಬದುಕಿದ ಕೂಸುಗಳನ್ನ ಯಾವ ಊರಿಗೆ ಹಚ್ಚೀರಿ?"

ನನಗೆ ತಿಳಿಯಲಿಲ್ಲ. ಅವಳು ತಿಳಿಸಿ ಹೇಳಿದಳು, ಸಿಟ್ಟಿಲ್ಲದೆ, ಸಾಲಿ ಹುಡುಗನಿಗೆ ಹೇಳಿದಂತೆ. ಕುಬಸ, ಅಂದರೆ ಸೀಮಂತ, ಆದ ಮೇಲೆ ಹೆಣ್ಣುಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುತ್ತಾರೆ. ಬಸುರಿಯರ ಪಟ್ಟಿಯಲ್ಲಿ ಅವಳ ಹೆಸರಿರುವುದು ಗಂಡನ ಊರಲ್ಲಿ. ಕೂಸು ಬದುಕಿದರೆ ತಿಂಗಳು ತುಂಬಿ ತೊಟ್ಟಿಲ ಸಮೇತ ಗಂಡನ ಊರಿಗೆ ಹೋಗುತ್ತದೆ, ಅಲ್ಲಿಯ ನರ್ಸಬಾಯಿ ಅದನ್ನು ತನ್ನ ಪಟ್ಟಿಗೆ ಏರಿಸಿಕೊಳ್ಳುತ್ತಾಳೆ. ಸತ್ತರೆ ತವರಲ್ಲೇ ಮಣ್ಣು, ತವರಿನ ರಿಜಿಸ್ಟರಿನಲ್ಲೇ ಹೆಸರು. ಇಷ್ಟು ಎಲ್ಲ ಊರಲ್ಲೂ ನಡೆಯುವುದೇ. ಅವಳ ಹಳ್ಳಿಯಲ್ಲಿ ಇನ್ನೊಂದಿತ್ತು. ಬಸುರು ತ್ರಾಸಿನದು ಎಂದು ಗೊತ್ತಾದರೆ ಅಕ್ಕನ ಮನೆ, ಸೋದರತ್ತೆಯ ಮನೆ ಎಂದು ನೆವ ಮಾಡಿ ದೂರದ ಊರಿನವರೂ ಹುಡುಗಿಯನ್ನು ಅಲ್ಲಿಗೇ ತಂದಿಡುತ್ತಿದ್ದರು. ಯಾಕೆ ಎಂದು ಅವಳು ಹೇಳಲಿಲ್ಲ. ಅವಳ ಕೈಗುಣ ನಂಬಿ ಎಂಬುದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ನಾನು ಹುಟ್ಟಿದ್ದು ಕಲಾದಗಿಯಲ್ಲಿ, ತಾಯಿಯ ತವರಲ್ಲಿ. ನನ್ನ ಹಿರಿಯ ಮಗಳು ಹುಟ್ಟಿದ್ದು ಅವಳ ತಾಯಿಯ ತವರಲ್ಲಿ. ಇದು ಗೊತ್ತಿಲ್ಲದ ದನ ಕಾಯುವವನೂ ನಮ್ಮ ಸೀಮೆಯಲ್ಲಿಲ್ಲ. ಹಡಗಿನ ಪ್ರಯಾಣಿಕರನ್ನು ಓದಿ ಓದಿ ನನಗೊಬ್ಬನಿಗೇ ಮರೆತುಹೋಗಿತ್ತು.

ಆದರೂ ಸೋಲಲು ಮನಸ್ಸಿಲ್ಲ. ಹಾಗಿದ್ದರೆ ಯಾರು ಯಾವ ಊರಿನವರು ಎಂದು ರಿಜಿಸ್ಟರಿನಲ್ಲಿ ಯಾಕಿಲ್ಲ ಎಂದು ದಬಾಯಿಸಿದೆ.

"ಬಾಜೂಕ ಪೆನ್ಸಿಲ್‌ಲೆ ಗಂಡನ ಊರು ಬರೀತಿದ್ದೆರಿ," ಅಂದಳು. "ತಪಾಸಣಿಗೆ ಬಂದಾಗ ನೀವ ಅಂದ್ರಿ, ಸರ್ಕಾರದ ರಿಜಿಸ್ಟರ್ ಹೊಲಸ ಮಾಡಬ್ಯಾಡ್ರಿ, ಅಳಸ್ರಿ ಅಂತ. ಅಳಿಸಿದೆರಿ."

ನೆನಪಾಯಿತು. ಅಂದು ರಬ್ಬರನ್ನು ನಾನೇ ಕೊಟ್ಟಿದ್ದೆ. ಅಚ್ಚಾದ ನಮೂನೆಯಲ್ಲಿ ಇಲ್ಲದ್ದನ್ನು ಬರೆಯುವ ಹಕ್ಕು ಯಾರಿಗೂ ಇಲ್ಲ ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದ್ದೆ.

ಅವಳು ಬಾಯಿಪಾಠವಾಗಿ ಹೇಳುತ್ತ ಹೋದಳು, ಈ ಕೂಸು ಬಾಗಲಕೋಟೆಯದು, ಈ ಕೂಸು ಇಳಕಲ್ಲಿನದು, ಇದು ಬದಾಮಿ ಕಡೆಯದು ಎಂದು. ಒಂದೊಂದರ ತಾಯಿಯ ಹೆಸರು, ಎಷ್ಟನೆಯ ದಿನ, ಏನಾಗಿ. ನಾನು ಬರೆದುಕೊಂಡೆ. ಹೊರಡುವಾಗ ಬಾಗಿಲಲ್ಲಿ ನಿಂತು, ಎಲ್ಲಿಗೆ ಹಾಕಿದರೂ ಹೋಗುತ್ತೇನೆ, ಆದರೆ ಆ ಕಾಗದದಲ್ಲಿ ಬರೆದದ್ದು ಹೋಗಬೇಕು ಎಂದಳು. "ಕೂಸು ಕೊಂದಾಕಿ ಅನ್ನೂಹಂಗ ಬರದಾರ್ರಿ. ಮಗಳು ಅದನ್ನ ಓದ್ಯಾಳ."

ಮರುದಿನ ಇಳಕಲ್ಲಿಗೆ ಹೋದೆ. ಅವಳನ್ನು ನಂಬಿ ಅಲ್ಲ, ಎಲ್ಲಾದರೂ ಸುಳ್ಳು ಸಿಕ್ಕರೆ ನನ್ನ ಲೆಕ್ಕ ಉಳಿಯುತ್ತದೆ ಎಂಬ ಆಸೆಯಿಂದ. ಅವಳು ಹೇಳಿದ ಓಣಿ, ಅವಳು ಹೇಳಿದ ಮನೆ. ಒಳಗೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೊಸೆ ನೇಯುತ್ತಿದ್ದಳು. ನನ್ನ ಪ್ರಶ್ನೆ ಕೇಳಿ ಕೈ ನಿಲ್ಲಿಸಿದಳು. ಅತ್ತೆ ಹೇಳಿದಳು. ಕೂಸು ಆ ಊರಲ್ಲಿ ಹುಟ್ಟಿ ಆ ಊರಲ್ಲೇ ಹೋಯಿತು, ಇಲ್ಲಿ ಯಾರೂ ಅದನ್ನು ನೋಡಲಿಲ್ಲ, ಇಲ್ಲಿ ಯಾರೂ ಬರೆದುಕೊಳ್ಳಲಿಲ್ಲ. ಸೊಸೆ ಉಳಿದದ್ದೇ ಆ ನರ್ಸಬಾಯಾರಿಂದ ಎಂದು ಸೇರಿಸಿದಳು. ಇನ್ನೂ ಎರಡು ಮನೆಗೆ ಹೋದೆ. ಎಲ್ಲೂ ಸುಳ್ಳು ಸಿಗಲಿಲ್ಲ.

ಊರಿಗೆ ಬಂದು ಮಂಚದ ಕೆಳಗಿನಿಂದ ಕೆಂಪು ರಟ್ಟಿನದನ್ನು ಎಳೆದು ತೆಗೆದೆ. ಎರಡನೆಯ ಅಧ್ಯಾಯದ ಕೊನೆಯ ಪ್ರಶ್ನೆಗಳು ಹೀಗಿದ್ದವು: ಮೇಲೆ ಎಣಿಸಿದವರು ಕೆಳಗೆ ಎಣಿಸಿದವರ ಪೈಕಿಯವರೇ ಹೌದೋ? ಅಲ್ಲದಿದ್ದರೆ ಎಲ್ಲಿಂದ ಬಂದರು? ಯಾರನ್ನು ಕೇಳಿ ತಿಳಿದಿರಿ? ಅಷ್ಟೇ. ಉತ್ತರ ಅಲ್ಲಿ ಇರುವುದಾದರೂ ಹೇಗೆ, ಅದು ಗುಡೂರಿನ ಆಚೆಯ ಹಳ್ಳಿಯಲ್ಲಿತ್ತು. ನಾನು ಆರಿಸಬೇಕಾದ ಪುಸ್ತಕ ಇದೇ ಎಂದು ಗೊತ್ತಾಯಿತು. ತವರಿನ ಲೆಕ್ಕವನ್ನೇ ಇದರ ಪ್ರಕಾರ ಬಿಡಿಸಿ ತೋರಿಸಿದರೆ ಬಾಗಲಕೋಟೆಯ ತೂಕದವನೂ ಬದಾಮಿಯ ಚಿತ್ರದವನೂ ಹತ್ತಿರ ಸುಳಿಯಲಾರರು ಎಂಬುದೂ ಅದೇ ಗಳಿಗೆಯಲ್ಲಿ ಹೊಳೆಯಿತು. ನರ್ಸಬಾಯಿ ನೆನಪಾದದ್ದು ಆಮೇಲೆ.

ಸಾಹೇಬರು ಆ ವಾರ ಬಾಗಲಕೋಟೆಯ ಪ್ರವಾಸಿ ಮಂದಿರದಲ್ಲಿ ಉಳಿದಿದ್ದರು. ಬರೀ ಬನಿಯನ್ನಿನಲ್ಲಿ ಕೂತು ಹಲ್ಲಿಗೆ ಕಡ್ಡಿ ಆಡಿಸುತ್ತಿದ್ದರು. ನನ್ನ ಲೆಕ್ಕ ತಪ್ಪು, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಆ ಮನುಷ್ಯನ ಬಗ್ಗೆ ನನಗೆ ಎಳ್ಳಷ್ಟೂ ಗೌರವವಿರಲಿಲ್ಲ, ಆದರೆ ಅವನಿಗೆ ಕಾಗದದ ವಿದ್ಯೆ ಚೆನ್ನಾಗಿ ಗೊತ್ತಿತ್ತು.

"ನಿನ್ನ ಲೆಕ್ಕ ತಪ್ಪಾದ್ರ ನನ್ನ ನೋಟೀಸೂ ತಪ್ಪಾತು," ಅಂದರು. "ತಪ್ಪು ಲೆಕ್ಕದವನ ಹೆಸರು ಎಂ.ಡಿ.ಗೆ ನಾ ಹ್ಯಾಂಗ ಕಳಸ್ಲಿ, ನೀನ ಹೇಳು."

ಅವರೇ ಒಂದು ದಾರಿ ಹೇಳಿ ಬರೆಸಿದರು. ಕ್ಷೇತ್ರ ಸಿಬ್ಬಂದಿ ರಿಜಿಸ್ಟರಿನಲ್ಲಿ ಅಗತ್ಯ ಮಾಹಿತಿ ನಮೂದಿಸದೆ ಅಳಿಸಿಹಾಕಿದ್ದರಿಂದ ಲೆಕ್ಕದಲ್ಲಿ ವ್ಯತ್ಯಾಸವಾಗಿದೆ. ಒಂದಕ್ಷರ ಸುಳ್ಳಿಲ್ಲ, ನೋಡಿ. ಅಳಿಸಿದ್ದು ಖರೆ. ಅವಳೇ ಅಳಿಸಿದ್ದೂ ಖರೆ. ಸಹಿ ಹಾಕಿ, ಅವರು ಕೊಟ್ಟ ಚಹಾ ಕುಡಿದು ಬಂದೆ.

ನೋಟೀಸು ವರ್ಗಾವಣೆಯಾಗಿ ಇಳಿಯಿತು. ಮಹಾಕೂಟದ ಆಚೆಯ ಒಂದು ಊರಿಗೆ, ಮಗಳ ಪರೀಕ್ಷೆಗೆ ಮೂರು ತಿಂಗಳಿರುವಾಗ. ಚಾರ್ಜು ಕೊಡಲು ಬಂದ ದಿನ ಅವಳು ರಿಜಿಸ್ಟರುಗಳನ್ನು ಒಂದರ ಮೇಲೊಂದು ಇಟ್ಟು, ಕಾಗದದಲ್ಲಿ ಬರೆದದ್ದು ಹೋಯಿತೇ ಎಂದು ಕೇಳಿದಳು. ಅದು ಅವಳ ಕಡತದಲ್ಲೇ ಇದೆ ಎಂದು ಗೊತ್ತಿದ್ದೂ ಹೋಯಿತು ಎಂದೆ. ಅವಳು ನಂಬಿದಳು, ಭಾಳ ಉಪಕಾರ ಆತ್ರಿ ಅಂದಳು. ಆ ಉಪಕಾರವನ್ನು ಕೇಳಿಸಿಕೊಂಡು ನಾನು ತಲೆಯಾಡಿಸಿದೆ. ಜಿಲ್ಲೆಯ ಸಾಹೇಬನನ್ನು ಅಷ್ಟು ಬೈದೆನಲ್ಲ, ಅವನಾದರೂ ಯಾರ ಮುಖ ನೋಡಿಯೂ ಸುಳ್ಳು ಹೇಳಿರಲಿಲ್ಲ.

ಕೆಂಪು ರಟ್ಟಿನ ಪುಸ್ತಕ ಒಪ್ಪಿಗೆಯಾಯಿತು. ತವರಿನ ಲೆಕ್ಕವನ್ನು ಮುಖ್ಯಸ್ಥರು ಎರಡು ಸಲ ಓದಿಸಿಕೊಂಡು, ಇಂಥದ್ದನ್ನು ಕಾಣಲು ಮಣ್ಣಿನ ಮಗನೇ ಬೇಕು ಎಂದು ಎಲ್ಲರೆದುರು ಹೊಗಳಿದರು. ಓದು ಮುಗಿಸಿ ಅಲ್ಲೇ ಪಾಠಕ್ಕೆ ನಿಂತೆ. ಪ್ರತಿ ವರ್ಷ ಎರಡನೆಯ ಅಧ್ಯಾಯಕ್ಕೆ ಬಂದಾಗ ಬೋರ್ಡಿನ ಮೇಲೆ ಅದೇ ಭಾಗಾಕಾರ ಬರೆಯುತ್ತಿದ್ದೆ, ಹುಡುಗರು ತಪ್ಪು ಹುಡುಕುತ್ತಿದ್ದರು, ಸಿಕ್ಕಿದಾಗ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಸಲ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿದಳು. ಇಷ್ಟು ಸಾದಾ ಮಾತು, ನಮ್ಮ ಕಡೆಯ ಯಾರಿಗಾದರೂ ಗೊತ್ತಿರುವಂಥದ್ದು, ಈ ತಪ್ಪು ಮಾಡಿದವರು ಯಾರು ಸರ್ ಎಂದು ಕೇಳಿದಳು. ಎಲ್ಲರೂ ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದರು.

"ಅಲ್ಲಿದ್ದ ನರ್ಸಬಾಯಿ," ಅಂದೆ.

ಬರೆದುಕೊಂಡರು.