ಅಪ್ಪ ಸೋಲುತ್ತಿದ್ದ ಶನಿವಾರಗಳು

ಪಕ್ಕದ ಫ್ಲ್ಯಾಟಿನಿಂದ ಮೆಣಸು ಹಾಕಿ ಕಾಯಿಸಿದ ಎಳ್ಳೆಣ್ಣೆಯ ವಾಸನೆ ಬಂದರೆ ಅದು ಶನಿವಾರ ಎಂದು ಕ್ಯಾಲೆಂಡರ್ ನೋಡದೆ ಹೇಳಬಲ್ಲೆ. ಈ ತಮಿಳು ಊರಿನಲ್ಲಿ ಶುಕ್ರವಾರ ಹೆಂಗಸರ ಎಣ್ಣೆಸ್ನಾನ, ಶನಿವಾರ ಗಂಡಸರದು. ಮೈಸೂರಿನಿಂದ ಬಂದು ರೈಲ್ವೆ ವರ್ಕ್‌ಶಾಪಿಗೆ ಸೇರಿದ ನಮ್ಮಪ್ಪ ಈ ಕಟ್ಟಳೆಯನ್ನು ಇಲ್ಲಿಯವರಿಗಿಂತ ಒಂದು ಕೈ ಹೆಚ್ಚಾಗಿಯೇ ಪಾಲಿಸುತ್ತಿದ್ದರು. ವಡಪಳನಿಯ ಬಾಡಿಗೆ ಮನೆಯ ಕೆಂಪು ನೆಲದ ಹಜಾರದಲ್ಲಿ, ಮೈಗೆ ಎಣ್ಣೆ ಇಳಿಯುವವರೆಗೆ ಅವರೂ ಅಣ್ಣ ರಾಘುವೂ ಬೋರಲು ಮಲಗಿ, ಮೊಣಕೈ ಊರಿ ಪಂಜಕುಸ್ತಿ ಆಡುತ್ತಿದ್ದರು. ಕಬ್ಬಿಣ ಎತ್ತಿ ಎತ್ತಿ ಗಟ್ಟಿಯಾದ ಅಪ್ಪನ ತೋಳು ಸುಮ್ಮನೆ ನಡುಗಿದಂತೆ ಮಾಡಿ ಮೆಲ್ಲಗೆ ನೆಲಕ್ಕೆ ಬಾಗುತ್ತಿತ್ತು. "ಅಪ್ಪಾ ತೋತ್ತುಟ್ಟಾರು" ಎಂದು ರಾಘು ಬೀದಿಯ ತಮಿಳಿನಲ್ಲಿ ಅಪ್ಪನ ಸೋಲನ್ನು ಮನೆಯೆಲ್ಲ ಸಾರುತ್ತಿದ್ದ. ನಾನೂ ಕೈ ಚಾಚಿದರೆ, "ಇವತ್ತು ನಿಂದಲ್ಲ ಪುಟ್ಟಿ, ಬಟ್ಟೆಗೆಲ್ಲ ಎಣ್ಣೆ ಮೆತ್ಕೊಳ್ಳತ್ತೆ, ಹೋಗು" ಎನ್ನುತ್ತಿದ್ದರು. ನನ್ನ ಶುಕ್ರವಾರದಂದು ಅವರಿಗೆ ಡ್ಯೂಟಿ. ರಾಘು ವಾರವಿಡೀ ತೋಳು ಉಬ್ಬಿಸಿಕೊಂಡು ತಿರುಗುವುದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಬರುವ ಶನಿವಾರ ಅವನಿಗೆ ನೆಗಡಿಯಾಗಲಿ ಎಂದು ಮುರುಗನಲ್ಲಿ ಬೇಡಿಕೊಂಡದ್ದೂ ಉಂಟು. ಮುರುಗ ಗಂಡುಮಕ್ಕಳ ಕಡೆಯವನು.

ಆ ಮನೆ ಕೆಡವಿ ಎಷ್ಟೋ ಕಾಲವಾದ ಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಪೋರೂರಿನ ಆಸ್ಪತ್ರೆಯಲ್ಲಿ ದಿನವೆಲ್ಲ ಅವರ ಬಳಿ ಇರುತ್ತಿದ್ದವಳು ನಾನು. ರಾಘು ಸಂಜೆಗೆ ಬಂದು ಹೋಗುತ್ತಿದ್ದ, ಅಪ್ಪನ ಕಣ್ಣು ಮಾತ್ರ ಬೆಳಗಿನಿಂದಲೇ ಬಾಗಿಲ ಮೇಲೆ. ಎಳೆಯ ವಯಸ್ಸಿನ ಡಾಕ್ಟರಮ್ಮ ಅಪ್ಪನ ಬಲತೋಳಿಗೆ ಅಂಗೈ ಕೊಟ್ಟು, "ತಾತಾ, ನಲ್ಲಾ ತಳ್ಳುಂಗ" ಎಂದರು. ಅಪ್ಪ ತಳ್ಳಿದರು. ಬಲ ಐದಕ್ಕೆ ಮೂರು ಎಂದಾಯಿತು. ತೋಳು ತನ್ನ ಭಾರವನ್ನು ತಾನು ಎತ್ತುತ್ತದೆ, ಎದುರಿನಿಂದ ಒತ್ತಿದರೆ ನಿಲ್ಲುವುದಿಲ್ಲ ಎಂದು ಬಿಡಿಸಿ ಹೇಳಿದರು. ಇನ್ನೊಂದು ಕೈ ಎದುರು ನಿಲ್ಲದೆ ಪೂರ್ತಿ ಬಲ ಎಷ್ಟೆಂದು ತಿಳಿಯುವುದಿಲ್ಲವಂತೆ. ದಿನಾ ಸ್ವಲ್ಪ ಹೀಗೆ ಒತ್ತಿಸಿ ಎಂದು ನನಗೇ ಹೇಳಿ ಹೋದರು.

ಮರುದಿನ ಊಟದ ಮೇಜನ್ನು ಹಾಸಿಗೆಯ ಹತ್ತಿರಕ್ಕೆ ಎಳೆದು, ಮೊಣಕೈ ಊರಿ, ಅವರ ಕೈ ಹಿಡಿದೆ. ಅಪ್ಪನಿಗೆ ಅರ್ಥವಾಯಿತು. ಸೊಟ್ಟ ಬಾಯಿಯಲ್ಲೇ ನಕ್ಕು, "ಬಾ ಪುಟ್ಟಿ" ಎಂದರು. ಸೋಲಬೇಕೆಂದೇ ನಾನು ಕೂತಿದ್ದೆ. ಆದರೆ ನಾನು ಒತ್ತದೆ ಸುಮ್ಮನೆ ಹಿಡಿದುಕೊಂಡಿದ್ದ ಕೈಯನ್ನು ತಳ್ಳುವುದಕ್ಕೇ ಅವರ ಕತ್ತಿನ ನರ ಉಬ್ಬಿತು, ಹಣೆ ಬೆವರಿತು, ನಾನು ಸಡಿಲ ಬಿಡುವ ಮೊದಲೇ ಅವರ ತೋಳು ಮೇಜಿನ ಮೇಲೆ ಬಿತ್ತು. "ನೀನೇ ಗೆದ್ದೆ ಕಣೆ" ಎಂದರು.

ಈಗ ಅಪ್ಪ ಇಲ್ಲ. ನನ್ನೆದುರು ಅವರು ನಿಜವಾಗಿಯೇ ಸೋತರು, ರಾಘುವಿಗೆ ಬೇಕೆಂದೇ ಸೋಲುತ್ತಿದ್ದರು. ಎಳ್ಳೆಣ್ಣೆಯ ವಾಸನೆ ಬಂದಾಗಲೆಲ್ಲ ಅಂಥ ಒಂದು ಸುಳ್ಳು ಸೋಲಿಗಾಗಿ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.