ಅಪ್ಪ ನಮ್ಮ ಕೇರಿಗೆ ಸಾರಿದ ದಿನ

ನಮ್ಮಪ್ಪ ಊರಿನ ತೋಟಿ. ತೂಬಗೆರೆ ಕಡೆಯ ನಮ್ಮೂರಿಗೆ ಸರ್ಕಾರದ ಯಾವ ಸುದ್ದಿ ಮುಟ್ಟಬೇಕಾದರೂ ಅವನು ತಮಟೆ ಹೊಡೆದು ಸಾರಬೇಕಿತ್ತು. ಕಂದಾಯ ಕಟ್ಟಿ, ದನಗಳಿಗೆ ಸೂಜಿ ಹಾಕಿಸಿ, ನಾಳೆ ಕೆರೆ ತೂಬು ಎತ್ತುತ್ತಾರೆ, ಹೀಗೆ. ಹುಲ್ಲು ಉರಿಸಿ ತಮಟೆ ಕಾಯಿಸಿಕೊಂಡು, ಹೆಗಲ ಟವೆಲ್ಲನ್ನು ಸೊಂಟಕ್ಕೆ ಕಟ್ಟಿ, ಒಂದೊಂದು ಬೀದಿಯ ತುದಿಯಲ್ಲೂ ನಿಂತು ಕೂಗುತ್ತಿದ್ದ. ಊರಾಚೆಯ ನಮ್ಮ ಕೇರಿಯಲ್ಲಿ ಮಾತ್ರ ಒಂದು ದಿನವೂ ಸಾರಿದವನಲ್ಲ. ಕಂದಾಯ ಕಟ್ಟಲು ನಮಗೆ ಹೊಲವಿರಲಿಲ್ಲ, ತೂಬಿನ ನೀರು ಹಾಯಿಸಲು ಗದ್ದೆ ಇರಲಿಲ್ಲ. ನಮಗೆ ಸಾರುವುದಾದರೂ ಏನನ್ನು?

ಕುಡಿಯುವ ನೀರಿಗೂ ನಾವು ಕಾಯಬೇಕಿತ್ತು. ಅವ್ವ ಊರ ಬಾವಿಕಟ್ಟೆಯ ಕೆಳಗೆ ಬಿಂದಿಗೆ ಇಟ್ಟು, ದೂರ ಸರಿದು ನಿಲ್ಲುತ್ತಿದ್ದಳು. ಮನಸ್ಸು ಬಂದವರು ಸೇದಿ, ಕಟ್ಟೆಯ ಮೇಲಿಂದಲೇ ಸುರಿಯುತ್ತಿದ್ದರು. ಅವರ ಬಕೀಟು ನಮ್ಮ ಬಿಂದಿಗೆಗೆ ತಾಕಬಾರದಲ್ಲ, ಹಾಗಾಗಿ ಅರ್ಧ ನೀರು ಮಣ್ಣುಪಾಲಾಗುತ್ತಿತ್ತು.

ನಾನು ದೊಡ್ಡಬಳ್ಳಾಪುರದ ಹಾಸ್ಟೆಲಿನಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದೆ. ರಜೆಗೆ ಬಂದಾಗೆಲ್ಲ, ಹಾಗೆ ಬಾವಿ ಮುಟ್ಟದಂತೆ ತಡೆಯುವುದು ಅಪರಾಧ ಅಂತ ಪುಸ್ತಕದಲ್ಲೇ ಇದೆ ಎಂದು ಅವ್ವನಿಗೆ ಹೇಳುತ್ತಿದ್ದೆ. "ನಿನ್ ಪುಸ್ತಕ ಇನ್ನೂ ಬಾವಿಕಟ್ಟೆ ಹತ್ತಿಲ್ಲ ಕಣವ್ವ," ಎನ್ನುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಆದರೆ ಅವಳ ಮಾತು ಸುಳ್ಳಾಗಿರಲಿಲ್ಲ.

ಅಂಥದ್ದೊಂದು ರಜೆಯಲ್ಲಿ ಕಂದಾಯ ಇಲಾಖೆಯ ಶೇಕ್ದಾರರು ಬಂದು ಚಾವಡಿಯಲ್ಲಿ ಸರ್ಕಾರದ ಆರ್ಡರ್ ಓದಿ, ಊರಿಗೆ ಸಾರು ಎಂದು ಅಪ್ಪನಿಗೆ ಹೇಳಿಹೋದರು. ಮಾರನೆಯ ಬೆಳಗ್ಗೆ ಅವನು ದೊಡ್ಡ ಬೀದಿಯಲ್ಲಿ ನಿಂತ. ಅವನ ಕೂಗು ನಮ್ಮ ಗುಡಿಸಲಿನವರೆಗೂ ಕೇಳಿಸಿತು.

"ಕೇಳ್ರಪ್ಪೋ ಕೇಳ್ರಿ. ಸರ್ಕಾರದ ಹುಕುಂ ಆಗದೆ. ಸೇದೋ ಬಾವೀಲಿ, ಹೋಟ್ಲಲ್ಲಿ, ಗುಡೀಲಿ ಜಾತಿ ನೋಡಿ ಯಾರ್ನೂ ತಡೀಬಾರ್ದು. ತಡುದ್ರೆ ಜೈಲು."

ದೊಡ್ಡವರ ಮುಂದೆ ತಲೆ ಎತ್ತದ ಅಪ್ಪ, ಅವರದೇ ಬೀದಿಯಲ್ಲಿ ಜೈಲು ಎಂಬ ಮಾತು ಆಡುತ್ತಿದ್ದ. ನನಗೆ ರೋಮಾಂಚನವಾಯಿತು. ಪುಸ್ತಕದಲ್ಲಿ ಎಷ್ಟೋ ಸಲ ಓದಿದ ಮಾತು ಅವನ ಗಂಟಲಿನಿಂದ ಬಂದಾಗ ಎಷ್ಟು ದೊಡ್ಡದಾಗಿಬಿಟ್ಟಿತ್ತು!

ಅಪ್ಪ ಮನೆಗೆ ಬಂದು ತಮಟೆಯನ್ನು ಗೂಟಕ್ಕೆ ತಗುಲಿಸಲು ಹೋದ. ಅವ್ವ ಅಡ್ಡ ನಿಂತಳು.

"ಊರಿಗೆಲ್ಲ ಸಾರ್ದೆ. ಕೇರಿಗೆ?"

"ಮನೇಲೇ ಹೇಳಿದ್ನಲ್ಲೇ. ನಮ್ಗೇನು ಸಾರೋದು?"

"ಇದು ನಮ್ದೇ ಸುದ್ದಿ. ಹೊಡಿ."

ಅಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಮತ್ತೆ ಹುಲ್ಲು ಉರಿಸಿ ತಮಟೆ ಕಾಯಿಸಿದ. ನಮ್ಮ ಬಾಗಿಲಿನಿಂದ ಕೇರಿಯ ಕೊನೆಯ ಗುಡಿಸಲಿನವರೆಗೆ ಸಾರಿಕೊಂಡು ಹೋದ. ಮುದುಕಿಯರು ಹೊರಗೆ ಬಂದು, ದೇವರ ಮೆರವಣಿಗೆ ಬಂದಂತೆ ಕೈಮುಗಿದು ನಿಂತಿದ್ದರು.

ಅವ್ವ ಹಗ್ಗ, ಬಕೀಟು ತೆಗೆದುಕೊಂಡಳು. ನಾನು ಅಲ್ಯೂಮಿನಿಯಂ ಬಿಂದಿಗೆ ಹಿಡಿದು ಜೊತೆಗೆ ನಡೆದೆ. ಬಾವಿಯ ಹತ್ತಿರ ಊರ ಹೆಂಗಸರಿದ್ದರು. ನಾನು ಬಿಂದಿಗೆಯನ್ನು ಕಟ್ಟೆಯ ಕೆಳಗಿಟ್ಟು ಪಕ್ಕದಲ್ಲೇ ನಿಂತೆ. ಅವ್ವ ಕಟ್ಟೆ ಹತ್ತಿದಳು.

"ಏನೇ ಇದು?" ಎಂದರು ಒಬ್ಬರು.

"ಬೆಳಗ್ಗೆ ತಮಟೆ ಕೇಳಿಸ್ಲಿಲ್ವಾ ಅಮ್ಮಾರೆ?" ಎಂದು ಅವ್ವ ಮೆಲ್ಲಗೆ ಕೇಳಿದಳು. ಅವರು ಸೆರಗು ಒತ್ತರಿಸಿಕೊಂಡು ಪಕ್ಕಕ್ಕೆ ಸರಿದರು. ತಡೆಯಲಿಲ್ಲ.

ಅವ್ವ ಬಕೀಟು ಇಳಿಬಿಟ್ಟಳು. ರಾಟೆಯಲ್ಲಿ ಸೇದಿ ಅಭ್ಯಾಸವಿಲ್ಲದ ಕೈ, ಹಗ್ಗ ಎರಡು ಸಲ ಜಾರಿತು. ಕೊನೆಗೂ ತುಂಬಿದ ಬಕೀಟನ್ನು ಎಳೆದು ಕಟ್ಟೆಯ ಮೇಲಿಟ್ಟಳು. ಅಷ್ಟು ಮಾಡಿದವಳು ಕೆಳಗಿಳಿದು, ದಿನಾ ನಿಲ್ಲುವ ಜಾಗಕ್ಕೆ ಹೋಗಿ, ಕೈಕಟ್ಟಿ ನಿಂತುಬಿಟ್ಟಳು.

ಸುರಿಯುವವರಿಗಾಗಿ ಕಾಯುತ್ತಿದ್ದಳು.

"ಅವ್ವಾ, ನೀನೇ ಕಣವ್ವ ಸುರೀಬೇಕು," ಎಂದೆ. ಅವಳು ಬೆಚ್ಚಿ ನನ್ನ ಕಡೆ ನೋಡಿದಳು. ತನ್ನ ಪೆದ್ದುತನಕ್ಕೆ ತಾನೇ ನಕ್ಕು ಮತ್ತೆ ಹತ್ತಿದಳು.

ಬಕೀಟನ್ನು ಎತ್ತರಕ್ಕೆ ಎತ್ತಿ ಸುರಿಯತೊಡಗಿದಳು. ಆ ಬಾವಿಯಲ್ಲಿ ಅವಳು ಕಂಡಿದ್ದ ಸುರಿಯುವ ರೀತಿ ಅದೊಂದೇ. ನೀರು ನನ್ನ ಕಾಲಿಗೆಲ್ಲ ಚೆಲ್ಲಿತು. ಆಗ ಅವಳಿಗೆ ಏನನ್ನಿಸಿತೋ, ಕೈ ತಡೆದಳು. ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಬಕೀಟನ್ನು ಮೆಲ್ಲಮೆಲ್ಲಗೆ ತಗ್ಗಿಸಿದಳು. ಅದರ ಅಂಚು ನಮ್ಮ ಬಿಂದಿಗೆಯ ಬಾಯಿಗೆ ತಾಕಿ ಟಣ್ ಎಂದಿತು. ಉಳಿದ ನೀರಲ್ಲಿ ಒಂದು ಹನಿಯೂ ಹೊರಗೆ ಬೀಳಲಿಲ್ಲ.