ಲೆಫ್ಟ್‌ಔಟ್ ಹಮೀದನಿಗೆ ಕೊಟ್ಟ ವೀಳ್ಯ

ಫುಟ್ಬಾಲಿನ ಬಗ್ಗೆ ಮಾತಾಡುವ ಅಧಿಕಾರ ನನಗೆ ಎಲ್ಲಿಂದ ಬಂತು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಎಲ್ಲಿಂದಲೂ ಬಂದಿಲ್ಲ. ಹೈಸ್ಕೂಲಿನಲ್ಲಿ ಒಂದೇ ಒಂದು ಸಲ ಚೆಂಡಿಗೆ ಒದ್ದಿದ್ದೆ. ಚೆಂಡು ಇದ್ದಲ್ಲೇ ಇತ್ತು, ನಾನು ಮಾತ್ರ ಮುಂದೆ ಹೋಗಿ ಬಿದ್ದೆ. ಡ್ರಿಲ್ ಮಾಸ್ತರರು ನನ್ನನ್ನು ಎತ್ತಿ ನಿಲ್ಲಿಸಿ, "ನೀನು ಹೊರಗೆ ನಿಂತು ಬೊಬ್ಬೆ ಹಾಕು ಮಾಧವ, ಅದು ನಿನಗೆ ಆಗ್ತದೆ" ಎಂದರು. ಗುರುವಿನ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಶಿಷ್ಯ ಮಂಗಳೂರಿನಲ್ಲಿ ಇನ್ನೊಬ್ಬ ಇರಲಾರ.

ಆಡಲು ಬಾರದವನಿಗೆ ಅಭಿಪ್ರಾಯಗಳು ಬಹಳ. ಆಡುವವನಿಗೆ ಉಸಿರು ಸಾಲುವುದಿಲ್ಲ, ನಮಗೆ ಉಸಿರಿನದ್ದೇನು ಬರಗಾಲ! ಸಂಜೀವ ಶೆಟ್ರ ಹೋಟೆಲಿನ ಒಳಕೋಣೆಯಲ್ಲಿ ಸಂಜೆ ಐದೂವರೆಗೆ ಒಂದು ಪ್ಲೇಟು ಗೋಳಿಬಜೆ ಮುಂದಿಟ್ಟುಕೊಂಡು, ಯಾರನ್ನು ತಂಡದಲ್ಲಿ ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ಹೊಸಬನನ್ನು ಯಾವ ಊರಿನಿಂದ ಎಳೆದು ತರಬೇಕು ಎಂದು ನಾವು ತೀರ್ಮಾನಿಸುತ್ತಿದ್ದೆವು. ಗೋಡೆಯಲ್ಲಿ 'ಇಲ್ಲಿ ರಾಜಕೀಯ ಮಾತಾಡಬಾರದು' ಎಂಬ ಬೋರ್ಡು ಇತ್ತು. ಫುಟ್ಬಾಲು ರಾಜಕೀಯವಲ್ಲ ಎಂದು ಶೆಟ್ರೇ ತೀರ್ಪು ಕೊಟ್ಟಿದ್ದರು. ಅದರಲ್ಲಿ ಆಶ್ಚರ್ಯವಿಲ್ಲ, ತಂಡ ಅವರದ್ದೇ. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರೊಂದಿತ್ತು, ಆದರೆ ಊರಿಡೀ ಕರೆಯುತ್ತಿದ್ದದ್ದು 'ಶೆಟ್ರ ತಂಡ' ಎಂದು.

ಶೆಟ್ರು ಕಾವೂರಿನ ಕಡೆಯವರು. ಗದ್ದೆಯ ಮನೆತನ, ಕಂಬಳದ ಕೋಣ ಕಟ್ಟಿದ ವಂಶ. ಹೋಟೆಲು ಇಟ್ಟ ಮೇಲೂ ಕೋಣ ನೋಡುವ ಕಣ್ಣು ಹೋಗಿರಲಿಲ್ಲ. ಹೊಸ ಆಟಗಾರ ಬಂದರೆ ಮುಖ ನೋಡುತ್ತಿರಲಿಲ್ಲ, ಬಗ್ಗಿ ಕಾಲಿನ ಗಂಟು ನೋಡುತ್ತಿದ್ದರು. "ಗಂಟು ಒಣಗಿದೆ, ಓಡ್ತಾನೆ" ಅಥವಾ "ಇವನಿಗೆ ನೀರು ಜಾಸ್ತಿ, ಅರ್ಧಕ್ಕೆ ನಿಲ್ತಾನೆ." ಅವರ ಎದುರು ನಿಂತ ಗೋಲ್‌ಕೀಪರನೊಬ್ಬ ಹಲ್ಲು ತೋರಿಸಲು ಬಾಯಿ ತೆರೆದದ್ದನ್ನು ನಾನೇ ನೋಡಿದ್ದೇನೆ. (ಬಾಯಿ ತೆರೆದದ್ದು ನಿಜ. ಹಲ್ಲು ತೋರಿಸಲಿಕ್ಕೋ ನಗಲಿಕ್ಕೋ ಎಂಬುದು ನನ್ನ ಅಭಿಪ್ರಾಯ.)

ನನ್ನ ಹೊಟ್ಟೆಪಾಡು ಕೊಡಿಯಾಲ್‌ಬೈಲಿನ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿ. ಹೊಟ್ಟೆಯ ಆಚೆಗಿನ ಕಸುಬು ಬೇರೆಯವರ ಸ್ವರ ತೆಗೆಯುವುದು. ವಕೀಲರ ಮೂಗಿನ ಸ್ವರ, ಶೆಟ್ರ ಗೊಗ್ಗರು ಸ್ವರ, ನಮ್ಮ ಜೊತೆ ಕೂರುತ್ತಿದ್ದ ದರ್ಜಿ ಲಾರೆನ್ಸ್ ಪೊರ್ಬುಗಳು ಸೂಜಿ ಕಚ್ಚಿಕೊಂಡೇ ಮಾತಾಡುವ ಸ್ವರ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವು. ನನ್ನದೇ ಸ್ವರ ಯಾವುದು ಎಂದು ಅಮ್ಮನಿಗೂ ಸಂಶಯವಿತ್ತು.

ಈ ವಿದ್ಯೆಯನ್ನು ನಾನು ತಂಡದ ಸೇವೆಗೆ ಒಪ್ಪಿಸಿದ್ದೆ. ನಮ್ಮ ಕಡುವೈರಿ ಹಂಚಿನ ಕಾರ್ಖಾನೆಯ ತಂಡ. ಅದರ ಕ್ಯಾಪ್ಟನು ಹಂಚು ಸುಡುವ ಗೂಡಿನ ಎದುರು ದುಡಿದು ಸ್ವರವನ್ನೂ ಸುಟ್ಟುಕೊಂಡವನು. ನಮ್ಮ ಲೆಫ್ಟ್‌ಔಟ್ ಹಮೀದ್ ಎಡಗಡೆಯ ಗೆರೆಯ ಬದಿಯಲ್ಲಿ ನುಗ್ಗುವಾಗ ನಾನು ಜನರ ನಡುವೆ ಬಗ್ಗಿ, ಆ ಸುಟ್ಟ ಸ್ವರದಲ್ಲಿ, "ಬಿಡು, ನನ್ನದು!" ಎನ್ನುತ್ತಿದ್ದೆ. ಕಾರ್ಖಾನೆಯವರು ತಮ್ಮ ಕ್ಯಾಪ್ಟನಿಗೆ ಮರ್ಯಾದೆ ಕೊಟ್ಟು ಚೆಂಡು ಬಿಡುತ್ತಿದ್ದರು. ಹಮೀದ್ ಗೋಲು ಹೊಡೆಯುತ್ತಿದ್ದ. ಇದು ಮೋಸವಲ್ಲವೇ ಎಂದರೆ, ಮೋಸವೇ. ಆದರೆ ಕಲೆಯೂ ಹೌದು.

ಹಮೀದ್ ಬರಿಗಾಲಲ್ಲಿ ಆಡುವವನು. ಬಂದರಿನಲ್ಲಿ ಅವನ ದೊಡ್ಡಪ್ಪನ ಮೆಣಸು, ಒಣಮೀನಿನ ಅಂಗಡಿಯಲ್ಲಿ ಸರಕು ಇಳಿಸಿ ಏರಿಸುವ ಉಸ್ತುವಾರಿ. ಬ್ಯಾರಿಗಳ ವ್ಯಾಪಾರದ ಮನೆತನ, ಆದರೆ ವ್ಯಾಪಾರವೆಲ್ಲ ದೊಡ್ಡಪ್ಪನ ಮಕ್ಕಳದ್ದು, ಇವನ ಪಾಲಿಗೆ ಮೂಟೆಗಳು. ಮಾತು ಕಡಿಮೆ, ನಾಚಿಕೆ ಜಾಸ್ತಿ. ಯಾರು ಏನು ಕೊಟ್ಟರೂ ಬೇಡ ಎನ್ನಲು ಬಾರದು.

ಲೀಗಿಗೆ ಪ್ರತಿ ತಂಡವೂ ಆಟಿ ತಿಂಗಳಲ್ಲಿ, ಮಳೆಯ ನಡುವೆ, ಆಟಗಾರರ ಹೆಸರು ಬರೆದು ಕೊಡಬೇಕು. ಒಮ್ಮೆ ಕೊಟ್ಟರೆ ಆ ವರ್ಷ ಬದಲಾವಣೆ ಇಲ್ಲ. ಅಲ್ಲಿಯವರೆಗೆ ಪ್ರತಿಯೊಬ್ಬನೂ ಸ್ವತಂತ್ರ, ಯಾರು ಕರೆದರೂ ಹೋಗಬಹುದು. ಆ ವರ್ಷ ಹಮೀದನನ್ನು ಮೊದಲೇ ಕಟ್ಟಿಹಾಕಬೇಕೆಂದು ನಾನು ಹೇಳಿದೆ. ಛಾಪಾ ಕಾಗದದಲ್ಲಿ ಕರಾರು ಟೈಪು ಮಾಡಿ ತರುತ್ತೇನೆಂದು ಗಂಟಲು ಸರಿಮಾಡಿಕೊಂಡು, ವಕೀಲರ ಮೂಗಿನಲ್ಲಿ ಕಲಮುಗಳನ್ನೂ ಹೇಳತೊಡಗಿದೆ.

ಶೆಟ್ರು ಕೈ ಬೀಸಿದರು. "ಕಾಗದ ಎಂತಕ್ಕೆ ಮಾರಾಯ? ವೀಳ್ಯ ಕೊಡುವ."

ಇದನ್ನು ಘಟ್ಟದ ಮೇಲಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಯಕ್ಷಗಾನ ಮೇಳಗಳು ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಯಾವ ವೇಷಧಾರಿ ಯಾವ ಮೇಳಕ್ಕೆ ಹೋಗುತ್ತಾನೆ ಎಂಬುದೇ ಮಳೆಗಾಲದ ಮಾತು. ಯಜಮಾನ ವೀಳ್ಯದೆಲೆ, ಅಡಿಕೆ, ಒಂದು ನಾಣ್ಯ ಕೈಗಿಡುತ್ತಾನೆ. ತೆಗೆದುಕೊಂಡವನು ಆ ತಿರುಗಾಟಕ್ಕೆ ಅವನ ಆಳು. ಮನಸ್ಸು ಬದಲಾದರೆ ಕೊಟ್ಟ ವೀಳ್ಯವನ್ನು ತಿರುಗಿ ಒಪ್ಪಿಸಿ ಬಿಡಿಸಿಕೊಳ್ಳಬೇಕು. ಒಂದು ಅಕ್ಷರ ಬರೆಯದೆ ನೂರಾರು ಜನರ ವರ್ಷ ಹೀಗೆ ನಡೆಯುತ್ತದೆ, ನಮ್ಮ ವಕೀಲರ ಹೊಟ್ಟೆ ಉರಿಯಲಿಕ್ಕೆ ಅಷ್ಟು ಸಾಕು.

ಫುಟ್ಬಾಲಿಗೂ ಇದನ್ನೇ ಹಚ್ಚಿದ್ದು ಶೆಟ್ರ ಶೋಧನೆ. ಹಮೀದನನ್ನು ಕರೆಸಿದರು. ಗಲ್ಲಾಪೆಟ್ಟಿಗೆಯ ಮುಂದೆ ಎಲ್ಲರೂ ಎದ್ದು ನಿಂತೆವು. ಶೆಟ್ರು ಶಾಲು ಹೊದ್ದು, ಎರಡೂ ಕೈಯಿಂದ ವೀಳ್ಯ ಕೊಟ್ಟರು. ಹಮೀದ್ ಎರಡೂ ಕೈಯಿಂದ ತೆಗೆದುಕೊಂಡ, ನಾಚಿದ, ಎಲೆಗೆ ಸುಣ್ಣ ಸವರಿ ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿ ಜಗಿದುಬಿಟ್ಟ!

"ಒಳ್ಳೆ ಎಲೆ ಶೆಟ್ರೇ" ಎಂದ.

ಮರುದಿನ ಆಫೀಸಿನಲ್ಲಿ ಕೇಳಿದಾಗ ವಕೀಲರು, "ಕರಾರು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನಿಂತರೂ ದಾಖಲೆ ಹೊಟ್ಟೆಯಲ್ಲಿದೆ" ಎಂದರು. ಶೆಟ್ರಿಗೆ ಮಾತ್ರ ಸಂತೋಷ: "ತಿಂದಾಯಿತಲ್ಲ, ಇನ್ನು ಹಿಂದೆ ಕೊಡ್ಲಿಕ್ಕೆ ಉಂಟಾ? ನಮ್ಮವನೇ."

ಆಟಿಯಲ್ಲಿ, ಹೆಸರು ಕೊಡಲು ಒಂದು ವಾರ ಉಳಿದಾಗ ಸುದ್ದಿ ಬಂತು. ಹಂಚಿನ ಕಾರ್ಖಾನೆಯವರು ಹಮೀದನನ್ನು ಕರೆದಿದ್ದಾರೆ, ಕಾಯಂ ಕೆಲಸ ಕೊಡುತ್ತಾರೆ, ಆದರೆ ಅವರ ತಂಡದಲ್ಲೇ ಆಡಬೇಕು.

ಆ ಸಂಜೆಯ ಅಭಿಪ್ರಾಯಗಳನ್ನು ಬರೆದರೆ ಈ ಕಾಗದ ಹೊತ್ತಿಕೊಳ್ಳುತ್ತದೆ. ಪೊರ್ಬುಗಳು ಸೂಜಿಯ ಸಂದಿಯಿಂದ, "ಅವನ ಜೆರ್ಸಿ ನಾನು ಹೊಲಿದದ್ದು, ಬಿಚ್ಚಿ ಕೊಡ್ಲಿ" ಎಂದರು. ಎಲ್ಲರಿಗಿಂತ ಜೋರು ನಾನು. ನಂಬಿಕೆದ್ರೋಹಿ ಎಂದೆ. ಹೊಟ್ಟೆಗಾಗಿ ಬಣ್ಣ ಬದಲಿಸುವವನು ಎಂದೆ. ಹಮೀದನ ನಾಚಿಕೆಯ ಸ್ವರ ತೆಗೆದು, "ಒಳ್ಳೆ ಎಲೆ ಶೆಟ್ರೇ" ಎಂದು ಹತ್ತು ಸಲ ನಗಿಸಿದೆ. ಅವನನ್ನು ಬಿಡುವುದಿಲ್ಲ ಎಂದು ಹಠ ತೊಟ್ಟು, ಮರುದಿನವೇ ಬಂದರಿಗೆ ನಡೆದೆ.

ಬಂದರು ಮಲಗಿತ್ತು. ಮಳೆಗಾಲದಲ್ಲಿ ಸರಕಿನ ಮಂಜಿ ಹಡಗುಗಳನ್ನು ದಡಕ್ಕೆ ಎಳೆದು ತೆಂಗಿನ ಮಡಲು ಹೊದೆಸುತ್ತಾರೆ. ಮಂಜಿ ಇಲ್ಲದಿದ್ದರೆ ಮೂಟೆ ಇಲ್ಲ, ಮೂಟೆ ಇಲ್ಲದಿದ್ದರೆ ಹಮೀದನಿಗೆ ಕೆಲಸ ಇಲ್ಲ. ಮುಚ್ಚಿದ ಅಂಗಡಿಯ ಜಗಲಿಯಲ್ಲಿ ಅವನು ಕೂತಿದ್ದ. ನಾನು ಬಾಯಿಪಾಠ ಮಾಡಿದ ಬೈಗುಳವನ್ನೆಲ್ಲ ಬೈದೆ.

"ಮದುವೆ ಮಾತು ನಡೀತಾ ಉಂಟು ಮಾಧವ" ಎಂದ ಕೊನೆಗೆ. "ಹುಡುಗಿಯ ಬಾಪ ಒಂದೇ ಪ್ರಶ್ನೆ ಕೇಳಿದ್ರು, 'ಹುಡುಗ ಮಳೆಗಾಲದಲ್ಲಿ ಎಂತ ಮಾಡ್ತಾನೆ?' ಎಂತ ಹೇಳುದು?"

"ಗೋಲು ಹೊಡೀತಾನೆ ಅಂತ ಹೇಳು."

"ಹೇಳಿದೆ. ಅದಕ್ಕೆ ಅಕ್ಕಿ ಸಿಗ್ತದಾ ಅಂತ ಕೇಳಿದ್ರು." ಆಮೇಲೆ, "ಕಾರ್ಖಾನೆಗೆ ನಾನು ಹೂಂ ಹೇಳ್ಲಿಲ್ಲ. ಶೆಟ್ರ ವೀಳ್ಯ ತಿಂದಿದ್ದೇನೆ. ಅವರು ಬಿಟ್ರೆ ಮಾತ್ರ" ಎಂದ.

ಇಲ್ಲಿಗೆ ನನ್ನ ಹಠ ಕರಗಿತು ಎಂದು ಬರೆದರೆ ನನಗೆ ಗೌರವ. ಆದರೆ ಕರಗಲಿಲ್ಲ. ಹಾಗಾದರೆ ಇವನು ಹೋಗಲಾರ ಎಂದು ಸಂತೋಷದಿಂದಲೇ ತಿರುಗಿ ಹೊರಟೆ.

ದಾರಿಯಲ್ಲಿ ಕೊಡೆಯೊಂದು ಎದುರಾಯಿತು. ಕೊಡೆಯ ಕೆಳಗೆ ಹಂಚಿನ ಕಾರ್ಖಾನೆಯ ಲೆಕ್ಕ ಬರೆಯುವ ರೈಟ್ರು, ಅವರ ತಂಡದ ಸೆಕ್ರೆಟರಿ. "ನಿನ್ನನ್ನೇ ಹುಡುಕ್ತಿದ್ದೆ. ನಮ್ಮ ಕ್ಯಾಪ್ಟನಿನ ಸ್ವರ ತೆಗೆಯುವವ ನೀನಲ್ವಾ? ನಮ್ಮ ಬದಿಗೆ ಬಾ. ಆಫೀಸಿನಲ್ಲಿ ಟೈಪಿಸ್ಟ್ ಜಾಗ ಖಾಲಿ ಉಂಟು."

ಆಡಲು ಬಾರದ ನನ್ನನ್ನು ಒಂದು ತಂಡ ಕರೆಯುತ್ತಿದೆ! ಪ್ರಪಂಚದಲ್ಲಿ ಬೊಬ್ಬೆಗೆ ಬಂದ ಮೊದಲ ಕರೆ ಇರಬೇಕು. ನಾನು ಎದೆ ಸೆಟೆಸಿ ಉತ್ತರ ಕೊಟ್ಟೆ. ಯಾವ ಉತ್ತರ ಎನ್ನುತ್ತೀರಿ? "ಮಧ್ಯಾಹ್ನ ಊಟ ಉಂಟಾ?"

ಪ್ರಶ್ನೆ ಬಾಯಿಯಿಂದ ಹೊರಟದ್ದು ನನ್ನದೇ ಸ್ವರದಲ್ಲಿ. ಬಹಳ ದಿನಗಳ ಮೇಲೆ ಅದನ್ನು ಕೇಳಿದೆ, ಗುರುತೂ ಹಿಡಿದೆ. ಹಮೀದ್ ಕಾಯಂ ಕೆಲಸಕ್ಕೂ ಹೂಂ ಎನ್ನದೆ ಜಗಲಿಯಲ್ಲಿ ಕೂತಿದ್ದಾನೆ, ನಾನು ಮಳೆಯಲ್ಲಿ ನಿಂತು ಊಟ ವಿಚಾರಿಸುತ್ತಿದ್ದೇನೆ. ರೈಟ್ರು "ಊಟ ಇಲ್ಲ, ಗಂಜಿ ಉಂಟು" ಎನ್ನುವಷ್ಟರಲ್ಲಿ ನಾನು ಬೇಡವೆಂದು ಹಿಂದೆ ತಿರುಗಿ ಜಗಲಿಗೇ ಓಡಿದ್ದೆ. ನನ್ನ ಹಠದ ಬಲ ಕುಂದಿರಲಿಲ್ಲ, ಮುಖ ಮಾತ್ರ ಈ ಕಡೆಗೆ ತಿರುಗಿತ್ತು. ಹಮೀದನನ್ನು ಆ ವೀಳ್ಯದಿಂದ ಬಿಡಿಸಿಯೇ ಸಿದ್ಧ.

ಆ ಸಂಜೆ ಹಮೀದನನ್ನು ಹೋಟೆಲಿಗೆ ಎಳೆದು ತಂದೆ. ಅವನ ಕೈಯಲ್ಲಿ ಹೊಸ ವೀಳ್ಯದೆಲೆಯ ಕಟ್ಟು. "ಶೆಟ್ರೇ, ನಿಮ್ಮದು ತಿರುಗಿ ಕೊಡ್ಲಿಕ್ಕೆ ಬಂದೆ" ಎಂದ, ನೆಲ ನೋಡುತ್ತಾ.

"ಇದು ನಾನು ಕೊಟ್ಟ ಎಲೆ ಅಲ್ಲ" ಎಂದರು ಶೆಟ್ರು. "ನಾನು ಕೊಟ್ಟದ್ದನ್ನು ತಾ."

ಪೊರ್ಬುಗಳು ನಕ್ಕರು. ನಾನು ನಗಿಸಲು ಹುಟ್ಟಿದವನು, ಆ ದಿನ ಮಾತ್ರ ಬೇರೆ ಸ್ವರ ತೆಗೆದೆ. ನಾನು ಕಂಡಿರದ, ಕೇಳಿರದ ಆ ಹುಡುಗಿಯ ಬಾಪನ ಸ್ವರ. ನಿಧಾನವಾಗಿ, ಮರ್ಯಾದೆಯಿಂದ ಕೇಳಿದೆ: "ಹುಡುಗ ಮಳೆಗಾಲದಲ್ಲಿ ಎಂತ ಮಾಡ್ತಾನೆ?"

ಹೊರಗೆ ಮಳೆ ಸುರಿಯುತ್ತಿತ್ತು. ನಾನು ಮತ್ತೆ ಕೇಳಿದೆ. ಮೂರನೆಯ ಸಲ ಕೇಳುವಾಗ ಶೆಟ್ರು, "ಸಾಕು ಬಿಡು ಮಾರಾಯ, ನನಗೆ ಕಿವಿ ಉಂಟು" ಎಂದರು. ಹಮೀದನ ಕೈಯಿಂದ ಕಟ್ಟು ತೆಗೆದುಕೊಂಡರು. ಒಂದು ಎಲೆ ಆರಿಸಿದರು, ಪಂಚೆಗೆ ಒರಸಿದರು, ಸುಣ್ಣ ಸವರಿ ಅಡಿಕೆ ಇಟ್ಟು ಮಡಚಿ ತಮ್ಮ ಬಾಯಿಗೆ ಹಾಕಿಕೊಂಡರು. ಕೆನ್ನೆ ಉಬ್ಬಿಸಿ ಜಗಿಯುತ್ತಾ ಹೇಳಿದರು: "ನಮ್ಮದು ನೀನು ತಿಂದೆ. ನಿನ್ನದು ನಾನು ತಿಂದೆ. ಸರಿಯಾಯಿತು, ಹೋಗು. ಆದರೆ ನಮ್ಮ ಮೇಲೆ ಗೋಲು ಹೊಡೆದ್ರೆ ಈ ಹೋಟೆಲಿನಲ್ಲಿ ನಿನಗೆ ಚಾ ಇಲ್ಲ."

ಕಾನೂನಿನ ಯಾವ ಪುಸ್ತಕದಲ್ಲೂ ಇಲ್ಲದ ಈ ಬಿಡುಗಡೆಯನ್ನು ಕೇಳಿ ವಕೀಲರು ಕನ್ನಡಕ ತೆಗೆದು, ಒರಸಿ, ಮತ್ತೆ ಹಾಕಿಕೊಂಡರು. ಇದಕ್ಕಿಂತ ದೊಡ್ಡ ಪ್ರಶಂಸೆಯನ್ನು ಅವರು ಯಾರಿಗೂ ಮಾಡಿದ್ದು ನನಗೆ ಗೊತ್ತಿಲ್ಲ.

ಇನ್ನು ನಮಗೂ ಕಾರ್ಖಾನೆಗೂ ಪಂದ್ಯ. ಸ್ನೇಹ ಬೇರೆ, ಪಂದ್ಯ ಬೇರೆ. ಹಮೀದನನ್ನು ಬಿಡಿಸಿದ ನಾನೇ ಅವನನ್ನು ತಡೆಯಲೂ ಪಣ ತೊಟ್ಟೆ. ವಾರವಿಡೀ ಬಾವಿಕಟ್ಟೆಯಲ್ಲಿ ಆ ಸುಟ್ಟ ಸ್ವರವನ್ನು ತಿದ್ದಿ ತೀಡಿದೆ. ಅವನು ಚೆಂಡು ಹಿಡಿದು ನುಗ್ಗುವಾಗ ಅವನದ್ದೇ ಕ್ಯಾಪ್ಟನಾಗಿ ಕೂಗಿದರೆ, ಯಾರಿಗೂ ಇಲ್ಲ ಎನ್ನಲು ಬಾರದ ಹಮೀದ್ ಚೆಂಡು ಬಿಟ್ಟುಕೊಡಲೇಬೇಕು.

ಆಟಿ ಕಳೆದು ಸೋಣ ತಿಂಗಳಲ್ಲಿ, ಮೈದಾನದಲ್ಲಿ ಕೊನೆಯ ಐದು ನಿಮಿಷಗಳಿದ್ದಾಗಲೂ ಯಾರದ್ದೂ ಗೋಲಿಲ್ಲ. ಹಮೀದನಿಗೆ ಚೆಂಡು ಸಿಕ್ಕಿತು. ಅದೇ ಗೆರೆ, ಅದೇ ಬರಿಗಾಲು. ನಾನು ಜನರ ನಡುವೆ ಬಗ್ಗಿ, ಜೀವವನ್ನೆಲ್ಲ ಒಟ್ಟುಮಾಡಿ ಕೂಗಿದೆ: "ಹಮೀದ್, ಬಿಡು, ನನ್ನದು!"

ಅವನು ಚೆಂಡು ಬಿಡಲಿಲ್ಲ. ಮೂರು ವರ್ಷ ಆ ಸ್ವರದ ಬಲದಿಂದಲೇ ಗೋಲು ಹೊಡೆದವನು ಅವನು, ಅದು ಯಾರ ಗಂಟಲಿನದ್ದೆಂದು ಅವನಿಗೆ ಗೊತ್ತಿಲ್ಲವೇ? ಓಡುತ್ತಲೇ ನಾನಿದ್ದ ಕಡೆ ತಿರುಗಿ ಒಂದು ನಗೆ ನಕ್ಕ. ನಕ್ಕು ಹೊಡೆದ. ನಮ್ಮ ಗೋಲ್‌ಕೀಪರ್ ಬಾಯಿ ತೆರೆದ, ಈ ಸಲ ಖಂಡಿತ ಹಲ್ಲು ತೋರಿಸಲಿಕ್ಕಲ್ಲ.

ಆಗ ನನ್ನ ಗಂಟಲಿನಿಂದ ನನ್ನನ್ನು ಕೇಳದೆ ಒಂದು ಮಾತು ಹಾರಿತು: "ಭಲೇ ಹಮೀದಾ! ಗಂಟು ನೋಡಿದ್ರಾ!" ಅದು ಹೊರಟದ್ದು ಶೆಟ್ರ ಸ್ವರದಲ್ಲಿ. ನಮ್ಮ ಬದಿಯ ಜನವೆಲ್ಲ ಕುರ್ಚಿಯಲ್ಲಿ ಕೂತಿದ್ದ ಶೆಟ್ರ ಕಡೆ ತಿರುಗಿತು. ತಂಡದ ಯಜಮಾನನೇ ವೈರಿಗೆ ಭಲೇ ಎನ್ನುವುದೇ? ಪೊರ್ಬುಗಳ ಬಾಯಿಯ ಸೂಜಿ ಕೆಳಗೆ ಬಿತ್ತು.

ಶೆಟ್ರು ನನ್ನನ್ನು ನೋಡಿದರು. ನಾನು ಭೂಮಿ ಬಿರಿಯಲಿ ಎಂದು ಕಾದೆ. ಅವರು ನಿಧಾನವಾಗಿ ಎದ್ದು ನಿಂತು ಶಾಲು ಸರಿಮಾಡಿಕೊಂಡರು.

"ಹೌದು, ನಾನೇ ಹೇಳಿದ್ದು. ಎಂತ ಈಗ?"

ಸಂಜೆ ಹಮೀದ್ ಹೋಟೆಲಿನ ಬಾಗಿಲಲ್ಲಿ ನಿಂತ. ಒಳಗೆ ಬರಲು ಧೈರ್ಯವಿಲ್ಲ. ಶೆಟ್ರೇ ಒಂದು ಲೋಟ ತಂದು ಮೇಜಿನ ಮೇಲೆ ಕುಕ್ಕಿದರು. "ಚಾ ಇಲ್ಲ ಅಂದಿದ್ದೆ, ಇಲ್ಲ. ಇದು ಕಾಫಿ. ಕೂತ್ಕೋ." ನನ್ನ ಕಡೆ ಬೆರಳು ತೋರಿಸಿ, "ಇವನಿಗೆ ಎಂತದೂ ಇಲ್ಲ. ನನ್ನ ಸ್ವರ ಅಷ್ಟು ಗೊಗ್ಗರು ಉಂಟಾ?" ಎಂದು ಒಳಗೆ ಹೋದರು.

ಹಮೀದ್ ಅರ್ಧ ಕಾಫಿಯನ್ನು ಬಟ್ಟಲಿಗೆ ಹೊಯ್ದು ನನ್ನ ಕಡೆ ತಳ್ಳಿದ. ನಾನು ಕುಡಿದೆ. ಎದುರು ತಂಡದವನ ಲೋಟದಿಂದ, ನಮ್ಮ ತಂಡದ ಯಜಮಾನನ ಕಾಫಿ. ಅದನ್ನು ಕುಡಿದ ನಾನು ಈಗ ಯಾರ ಕಡೆಯವನು ಎಂದು ವಕೀಲರನ್ನು ಕೇಳಬೇಕೆಂದಿದ್ದೆ. ಇನ್ನೂ ಕೇಳಿಲ್ಲ, ಕೇಳುವುದೂ ಇಲ್ಲ.